ತೂಕದಮ್ಮನ ಚುಕ್ಕೆ

ಶನಿವಾರ ಬೆಳಿಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸಿದವನು ಕನ್ನಡಿಯೆದುರು ನಿಂತು "ತಪ್ಪು ನಂದು" ಎಂದು ಹೇಳಿ ನೋಡಿದ. ಬಂದದ್ದು ಆಸ್ಪತ್ರೆಯ ಸೂಪರಿಂಟೆಂಡೆಂಟರ ದನಿ; ಗಂಟಲಲ್ಲಿ ಕಫ ಕಟ್ಟಿದ, ಪ್ರತಿ ವಾಕ್ಯದ ಕೊನೆಗೂ ಸಹಿ ಹಾಕಿ ಮುಗಿಸುವ ದನಿ. ಎರಡನೆಯ ಸಲ ಹೇಳಿದ. ಈಗ ಬಂದವರು ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರು, ಮೂಗಿನ ಮೂಲಕ. ಮೂರನೆಯ ಸಲಕ್ಕೆ ಅಕ್ಕ ಬಾಗಿಲು ಬಡಿದು, ಒಳಗೆ ಎಷ್ಟು ಜನ ಇದ್ದೀರೋ ಒಬ್ಬೊಬ್ಬರಾಗಿ ಹೊರಗೆ ಬನ್ನಿ, ನನಗೂ ಸ್ನಾನ ಆಗಬೇಕು ಎಂದಳು. ನಗುವುದೋ ಬಿಡುವುದೋ ತಿಳಿಯದೆ ಮುಖಕ್ಕೆ ನೀರೆರಚಿಕೊಂಡ. ಇಪ್ಪತ್ತೊಂಬತ್ತು ವರ್ಷ ಕಂಡಕಂಡವರ ದನಿಯನ್ನೆಲ್ಲ ಗಂಟಲಿಗೆ ತುಂಬಿಕೊಂಡದ್ದಾಯಿತು, ಈಗ ಎರಡು ಮಾತಿನ ಒಂದು ವಾಕ್ಯಕ್ಕೆ ಅಲ್ಲಿ ಜಾಗವಿಲ್ಲ. ಕೋಣೆ ಕೋಣೆಯನ್ನೂ ಬಾಡಿಗೆಗೆ ಕೊಟ್ಟು ಯಜಮಾನನೇ ಬೀದಿಯಲ್ಲಿ ನಿಂತ ಹಾಗೆ. ಆ ವಾಕ್ಯವನ್ನು ಹೇಳಬೇಕಾದದ್ದು ಇವತ್ತು ಮಧ್ಯಾಹ್ನ ಮೂರು ಗಂಟೆಗೆ. ಹೇಳದಿದ್ದರೆ ಸೋಮವಾರದಿಂದ ತೂಕದಮ್ಮ ತನ್ನ ಜಾಗ ಬಿಟ್ಟು ಸ್ಟೋರ್ ರೂಮಿಗೆ ಹೋಗುತ್ತಾಳೆ.

ಬಸ್ಸಿನಲ್ಲಿ ಒಂದು ಕೈಯಲ್ಲಿ ಜೋತುಬಿದ್ದು ನಿಂತಾಗಲೂ ಅದೇ ಯೋಚನೆ. ಪ್ರಾಣಿಗಳ ಆಸ್ಪತ್ರೆಗೆ ಯಾವ ಪ್ರಾಣಿ ಬಂದರೂ ಮೊದಲು ಹತ್ತಬೇಕಾದದ್ದು ಮುಂಬಾಗಿಲ ಪಕ್ಕದ ತೂಕದ ಯಂತ್ರದ ಕಬ್ಬಿಣದ ಹಲಗೆಯನ್ನು. ಮದ್ದಿನ ಅಳತೆಯೆಲ್ಲ ತೂಕದ ಮೇಲೆ ನಿಂತದ್ದು. ಹತ್ತಿಸುವವಳು ತೂಕದಮ್ಮ. ಅವಳಿಗೆ ಬೇರೆ ಹೆಸರಿತ್ತು, ಅದು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ತೂಕದಮ್ಮ ಒಮ್ಮೆಯಾದರೂ ತೂಕಡಿಸಿದ್ದನ್ನು ಕಂಡವರಿಲ್ಲ. ಡಾಕ್ಟರಿಗೆ ಹಲ್ಲು ತೋರಿಸುವ ನಾಯಿ ಅವಳ ಕೈಗೆ ಬಂದರೆ ನೆಂಟರ ಮನೆಗೆ ಬಂದ ಮಗುವಿನ ಹಾಗೆ ಬಾಲ ಮಡಚಿ ಕೂರುತ್ತಿತ್ತು. ಎರಡು ತಿಂಗಳ ಹಿಂದಿನವರೆಗೆ ಅವಳು ತೂಕವನ್ನು ದಪ್ಪ ರಟ್ಟಿನ ಪುಸ್ತಕದಲ್ಲಿ ಬರೆಯುತ್ತಿದ್ದಳು. ಈಗ ಪುಸ್ತಕ ಹೋಗಿ ಪರದೆ ಬಂದಿದೆ. ಅವಳು ಇಲ್ಲಿ ತೂಕ ಒತ್ತಿದರೆ ಒಳಕೋಣೆಯಲ್ಲಿ ಡಾಕ್ಟರಮ್ಮನ ಪರದೆಯ ಮೇಲೆ ಮೂಡುತ್ತದೆ. ಆ ಪರದೆ ಮಾಡಿದವನು ಇವನು. ಅದಕ್ಕೇ ಆಸ್ಪತ್ರೆಯವರೆಲ್ಲ ಇವನನ್ನು ಪರದೆ ಮೇಷ್ಟ್ರು ಅನ್ನುವುದು, ಅರ್ಧ ಗೌರವ, ಅರ್ಧ ಗೇಲಿ. ಯಾವ ಅರ್ಧ ಯಾವುದೆಂದು ಇವನು ಯಾವತ್ತೂ ಅಳೆಯಲು ಹೋಗಿಲ್ಲ.

ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ತೂಕದಮ್ಮ ಹಲಗೆಯ ಮೇಲೆ ಮಲಗಿಬಿಟ್ಟಿದ್ದ ಒಂದು ದಡೂತಿ ನಾಯಿಯ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಕುರ್ಚಿಯ ಪಕ್ಕ ಒಂದು ಬಟ್ಟೆಚೀಲ ತುಂಬಿ ನಿಂತಿತ್ತು. ಒಳಗೆ ಅವಳ ಲೋಟ, ಇನ್ನೊಂದು ಜೊತೆ ಚಪ್ಪಲಿ, ನಾಯಿಗಳಿಗೆಂದು ಇಟ್ಟುಕೊಳ್ಳುತ್ತಿದ್ದ ಹಳೆಯ ಟವಲ್ಲು. ಎರಡು ದಿನ ಮೊದಲೇ ಕಟ್ಟಿಟ್ಟಿದ್ದಾಳೆ. ತಲೆ ತಗ್ಗಿಸಿ ದಾಟಿಹೋಗಬೇಕೆಂದಿದ್ದವನನ್ನು ಅವಳೇ ಕರೆದಳು.

"ಸ್ಟೋರ್ ರೂಮಲ್ಲಿ ಕಿಟಕಿ ಇದೆಯೇನಪ್ಪಾ? ತಂತಿ ಎಳೆಯೋಕೆ ಅಂತ ನೀನು ಹೋಗಿದ್ಯಲ್ಲ."

ಇದೆ ಅಂದ. ಚಿಕ್ಕದು ಅಂದ. ಮೇಲೆಲ್ಲೋ ಇದೆ ಎಂಬುದನ್ನು ಹೇಳಲಿಲ್ಲ. ಅವಳು, ಸರಿ ಬಿಡು, ಬ್ಯಾಂಡೇಜಿಗೆ ಬೆಳಕ್ಯಾಕೆ ಎಂದು ನಾಯಿಯ ಕಡೆ ತಿರುಗಿದಳು. ಸಿಟ್ಟು ಮಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಹೋದ ವಾರವೂ ಅವಳು ಸಿಟ್ಟು ಮಾಡಿರಲಿಲ್ಲ. ಕಾಂಪೌಂಡರನ ಕೋಣೆಯಲ್ಲಿ ನಾಲ್ಕೈದು ಜನ ಚಹಾ ಕುಡಿಯುತ್ತಿದ್ದಾಗ ಇವನು ಸ್ಟೂಲಿನ ಮೇಲೆ ಕೂತು ತೂಕದಮ್ಮನಾಗಿದ್ದ: ಪರದೆಗೆ ಮುಖ ತಂದು, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕಿರಿದಾಗಿಸಿ, ಕಳೆದುಹೋದ ಸೂಜಿ ಹುಡುಕುವವಳಂತೆ ಮೂಗಿನಿಂದ ಗಾಜನ್ನು ಗುಡಿಸುವುದು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹಾಗೆಯೇ ನಗು ಒಂದು ಬದಿಯಿಂದ ಆರುತ್ತ ಬಂತು. ತಿರುಗಿ ನೋಡಿದರೆ ಬಾಗಿಲಲ್ಲಿ ಅವಳು, ತೋಳಲ್ಲಿ ಒಂದು ನಾಯಿಮರಿ. "ಇನ್ನೂ ಸ್ವಲ್ಪ ಬಗ್ಗಬೇಕು ಕಣಪ್ಪ," ಅಂದಿದ್ದಳು, "ಮೂಗು ಗಾಜಿಗೆ ತಾಗಬೇಕು." ಬಂದ ಕೆಲಸ ಮುಗಿಸಿ ಹೊರಟುಹೋಗಿದ್ದಳು. ಕಲಿಸಿಕೊಟ್ಟ ಹಾಗೆ. ಆ ಮಾತನ್ನು ಅವನು ಆಮೇಲೆ ಎಷ್ಟು ಸಲ ಅವಳದೇ ದನಿಯಲ್ಲಿ ತನ್ನೊಳಗೇ ಹೇಳಿಕೊಂಡಿದ್ದನೋ, ಪ್ರತಿ ಸಲವೂ ಅನುಕರಣೆ ಇನ್ನಷ್ಟು ಚೊಕ್ಕವಾಗುತ್ತಿತ್ತು, ನಾಚಿಕೆ ಒಂದಿಷ್ಟೂ ಕಡಿಮೆಯಾಗುತ್ತಿರಲಿಲ್ಲ.

ಆದರೆ ಅದೊಂದೇ ಆಗಿದ್ದರೆ ಒಂದು ಕ್ಷಮಾಪಣೆಯಲ್ಲಿ ಮುಗಿಯುತ್ತಿತ್ತು. ಮರುದಿನ ಬಂದದ್ದು ಬೆಕ್ಕು. ಹಲಗೆಯ ಮೇಲೆ ನಾಲ್ಕೂವರೆ ಕಿಲೋ. ಅದೇ ಹೊತ್ತಿಗೆ ಒಳಗೆ ಡಾಕ್ಟರಮ್ಮನ ಮುಂದೆ ಒಂದು ಮೇಕೆ, ಎರಡು ಮೊಲ. ಪರದೆಯತ್ತ ಒಂದೇ ನೋಟ ಹಾಕಿ ನಲವತ್ತೈದು ಕಿಲೋ ಎಂದು ಓದಿ, ಅದಕ್ಕೆ ತಕ್ಕ ಮದ್ದನ್ನು ತುಂಬಲು ಹೇಳಿದ್ದರು. ಸಿರಿಂಜು ಕೈಗೆ ಬಂದ ಮೇಲೆ ಮೇಜಿನ ಮೇಲಿನ ಬೆಕ್ಕನ್ನು ನೋಡಿದರು. ಬೆಕ್ಕೂ ಸಿರಿಂಜನ್ನು ನೋಡಿತು. ಬೆಕ್ಕು ಉಳಿಯಿತು, ತೂಕದಮ್ಮ ಉಳಿಯಲಿಲ್ಲ. ಸಂಜೆ ಸಭೆ ಸೇರಿತು. ಸೂಪರಿಂಟೆಂಡೆಂಟರು, ವಯಸ್ಸಾದ ಮೇಲೆ ಕಣ್ಣು ಕೈ ಕೊಡುವುದು ಸಹಜ, ಯಾರದೂ ತಪ್ಪಲ್ಲ, ಸ್ಟೋರಿನಲ್ಲಿ ಕೂತು ಮಾಡುವ ಕೆಲಸ ಎಂದು ಬೆಣ್ಣೆಯಲ್ಲಿ ಅದ್ದಿ ಅದ್ದಿ ಹೇಳಿದರು. ತೂಕದಮ್ಮ ಹೇಳಿದ್ದು ಒಂದೇ ಮಾತು. "ನಾನು ಚುಕ್ಕೆ ಒತ್ತಿದ್ದೆ ಸಾರ್. ಬೆರಳಿಗೆ ಗೊತ್ತಿರತ್ತೆ." ಬೆರಳಿನ ಸಾಕ್ಷಿಯನ್ನು ಯಾರು ಕೇಳುತ್ತಾರೆ? ಇವನು ಗೋಡೆಗೊರಗಿ, ಕ್ಯಾಲೆಂಡರಿನಲ್ಲಿ ಆ ತಿಂಗಳಿಗೆ ಎಷ್ಟು ಭಾನುವಾರವೆಂದು ಎಣಿಸುತ್ತಿದ್ದ.

ಸಭೆ ಮುಗಿದ ಮೇಲೆ ಎಕ್ಸ್‌ರೇ ಕೋಣೆಯ ಪಕ್ಕದ ತನ್ನ ಗೂಡಿಗೆ ಬಂದು, ಸುಮ್ಮನೆ, ಕೆರೆತಕ್ಕೆ ಕೈ ತಾನಾಗಿ ಹೋಗುವಂತೆ, ಆ ಬೆಕ್ಕಿನ ದಾಖಲೆ ತೆರೆದಿದ್ದ. ಒಳಗೆ, ಯಂತ್ರದ ನೆನಪಿನಲ್ಲಿ, 4.5 ಎಂದು ಸ್ಪಷ್ಟವಾಗಿ ಇತ್ತು. ಹೊರಗೆ ಪರದೆಯ ಮೇಲೆ 45. ಎರಡು ಸಲ ನೋಡಿದ, ಹತ್ತು ಸಲ ನೋಡಿದ. ಆಮೇಲೆ ನೆನಪಾಯಿತು. ಎರಡು ತಿಂಗಳ ಹಿಂದೆ, ‘ಉಳಿಸು’ ಎಂಬ ಬಟನ್ನು ಪರದೆಯಿಂದ ಕೆಳಗೆ ಜಾರುತ್ತಿದೆ, ಕಾಣುವಂತೆ ಮಾಡಿ ಎಂದು ಸೂಪರಿಂಟೆಂಡೆಂಟರು ಅಂದಾಗ, ವಯಸ್ಸು ಮತ್ತು ತೂಕದ ಸಾಲನ್ನು ಇವನೇ ಒಂದು ಕೂದಲೆಳೆಯಷ್ಟು ಹಿಸುಕಿದ್ದ. ಬಟನ್ನು ಮೇಲೆ ಬಂತು. ತೂಕ ತುಂಬುವ ಪೆಟ್ಟಿಗೆಯೊಳಗಿನ ಅಂಕಿಗಳು ಕೆಳಗೆ ಕೂತವು. ಅವುಗಳ ಪಾದದಲ್ಲಿದ್ದ ಚುಕ್ಕೆ ಪೆಟ್ಟಿಗೆಯ ಅಡಿಗೆರೆಯ ಮೇಲೆ ಬಿದ್ದು ಗೆರೆಯೇ ಆಗಿಹೋಯಿತು. ವಯಸ್ಸಿಗೆ ಚುಕ್ಕೆ ಬೇಕಿಲ್ಲವಾದ್ದರಿಂದ ಅಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ತೂಕದಲ್ಲಿ, ಎದುರಿನ ಪ್ರಾಣಿಯನ್ನು ನೋಡಿದ ಡಾಕ್ಟರಮ್ಮನ ಕಣ್ಣು ಅರಿವಿಲ್ಲದೆಯೇ ಚುಕ್ಕೆ ಇಟ್ಟುಕೊಳ್ಳುತ್ತಿತ್ತು, ಬೆಕ್ಕಿನ ದಿನವೊಂದನ್ನು ಬಿಟ್ಟು. ಅಂದರೆ ಎರಡು ತಿಂಗಳಿಂದ ತೂಕದಮ್ಮ ಗಾಜಿಗೆ ಮೂಗು ತಾಗಿಸಿ ಹುಡುಕುತ್ತಿದ್ದದ್ದು ಇವನು ಮುಚ್ಚಿಟ್ಟ ಚುಕ್ಕೆಯನ್ನು. ಇವನು ಹುಡುಕಾಟವನ್ನು ಅಭಿನಯಿಸಿ ಚಪ್ಪಾಳೆ ತೆಗೆದುಕೊಂಡಿದ್ದ.

ಇವತ್ತು ಅದೇ ಗೂಡಿನ ಬಾಗಿಲು ಹಾಕಿಕೊಂಡು ಕಂಪ್ಯೂಟರು ಹಚ್ಚಿದ. ಸೂಪರಿಂಟೆಂಡೆಂಟರು ಕೊಟ್ಟಿದ್ದ ಕೆಲಸ ಒಂದು ಸಾಲಿನದು: ಆ ತೂಕದ ಪೆಟ್ಟಿಗೆಗೆ ಏನಾದರೂ ಬಣ್ಣಗಿಣ್ಣ ಬಳಿಯಿರಿ, ಮುಂದೆ ಬರುವವರಾದರೂ ಕಣ್ಣು ಬಿಟ್ಟು ನೋಡಲಿ. ಅದೊಂದೇ, ಮೂರು ಗಂಟೆಗೆ ಎಲ್ಲರೆದುರು ತೋರಿಸಬೇಕು. ಉಳಿದದ್ದು ಕೂದಲಷ್ಟೂ ಅಲುಗಬಾರದು. ಪರದೆಯ ಚಿತ್ರ ಹಾಕಿದ ಕೈಪಿಡಿ ಇನ್ನೂರು ಪ್ರತಿ ಅಚ್ಚಾಗಿ ಬಂದಿದೆ. ಸಾಲನ್ನು ಮೊದಲಿನಂತೆ ಹಿಗ್ಗಿಸಿದರೆ ಬಟನ್ನು ಮತ್ತೆ ಪಾತಾಳಕ್ಕೆ. ಹಾಗಾಗಿ ನಲವತ್ತೊಂದು ಪೆಟ್ಟಿಗೆಗಳ ಪೈಕಿ ಒಂದೇ ಒಂದಕ್ಕೆ ಬೇರೆ ವೇಷ ತೊಡಿಸಬೇಕು. ಕಸುಬಿನಲ್ಲಿ ಇಂಥ ಒಂದೊಂದು ಪೆಟ್ಟಿಗೆಗೂ, ಬಟನ್ನಿಗೂ ವಿಜೆಟ್ಟು ಎಂದು ಹೆಸರು. ಅವು ಬರುವುದು ಟೂಲ್‌ಕಿಟ್ಟು ಎಂಬ ಸಿದ್ಧ ಸಾಮಾನಿನ ಕಂತೆಯಿಂದ, ಹುಟ್ಟುವಾಗಲೇ ಸಮವಸ್ತ್ರ ಹಾಕಿಕೊಂಡು: ಬೂದು ಅಂಚು, ಸಣಕಲು ಅಕ್ಷರ, ತಪ್ಪು ತುಂಬಿದರೆ ಕೆಂಪಾಗುವ ಗುಣ. ಎಲ್ಲ ಒಂದೇ ಶಾಲೆಯ ಮಕ್ಕಳು. ಒಬ್ಬನಿಗೆ ಮಾತ್ರ ಬೇರೆ ಅಂಗಿ ತೊಡಿಸುವುದು ಕೇಳಲು ಸುಲಭ.

ಮೊದಲ ಸಲ ಅವಸರದಲ್ಲಿ ನಿಯಮವನ್ನು ಪೆಟ್ಟಿಗೆ ಎಂಬ ಜಾತಿಗೇ ಬರೆದುಬಿಟ್ಟ. ಪರದೆ ತೆರೆದರೆ ನಲವತ್ತೊಂದೂ ಒಟ್ಟಿಗೇ ಉಬ್ಬಿಕೊಂಡು ನಿಂತಿದ್ದವು, ಮೆರವಣಿಗೆಗೆ ಹೊರಟ ಪೈಲ್ವಾನರ ಹಾಗೆ. ಸರಿ, ಇದೊಂದಕ್ಕೆ ಒಂದು ಹೆಸರು ಕೊಡಬೇಕು. ಟೂಲ್‌ಕಿಟ್ಟಿನಲ್ಲಿ ಅದಕ್ಕೆ ಎರಡು ದಾರಿ, ಸೆಟ್ ಅಂತ ಒಂದು, ಆಡ್ ಅಂತ ಇನ್ನೊಂದು. ಸೆಟ್ ಅಂದರೆ ಇರುವ ವೇಷ ಕಳಚಿ ಇದನ್ನೇ ತೊಡಿಸು. ಆಡ್ ಅಂದರೆ ಇರುವುದರ ಮೇಲೆ ಇದನ್ನೂ ಸೇರಿಸು. ಎಲ್ಲ ಗೊತ್ತಿದ್ದವನೇ. ಆದರೂ ಬೆರಳು ತನ್ನ ರೂಢಿಯಂತೆ ಸೆಟ್ ಎಂದು ಬರೆಯಿತು. ಅಂಕಿಗಳು ದಪ್ಪವಾದವು, ಚುಕ್ಕೆ ಮೇಲೆದ್ದಿತು. ಕುರ್ಚಿಯಿಂದ ಅರ್ಧ ಎದ್ದವನು, ಇರಲಿ ಎಂದು, ತೂಕದ ಪೆಟ್ಟಿಗೆಯಲ್ಲಿ ‘ಬೆಕ್ಕು’ ಎಂದು ಒತ್ತಿ ನೋಡಿದ. ಪೆಟ್ಟಿಗೆ ಕೆಂಪಾಗಲಿಲ್ಲ. ಎಷ್ಟು ತೂಕ? ಬೆಕ್ಕು ಕಿಲೋ. ಸುಮ್ಮನೆ ಒಪ್ಪಿಕೊಂಡಿತು. ಹೊಸ ಅಂಗಿ ಹಾಕುವ ಗಡಿಬಿಡಿಯಲ್ಲಿ ಮೈಯನ್ನೇ ಕಳಚಿಹಾಕಿದ್ದ. ಬೆರಳು ಕೀಲಿಗಳ ಮೇಲೇ ನಿಂತಿತು. ಕಾಲೇಜಿನ ವೇದಿಕೆಯ ಮೇಲೆ ಒಂದೊಂದು ದನಿಗೂ ಚಪ್ಪಾಳೆ ಬಿದ್ದ ಸಂಜೆ, ಕೊನೆಗೆ ಯಾರೋ ಕೆಳಗಿನಿಂದ, ಈಗ ನಿನ್ನದೇ ದನಿ ಮಾಡು ಎಂದು ಕೂಗಿದ್ದರು. ತಮಾಷೆಗೆ. ಅವನು ಬಾಯಿ ತೆರೆದ, ಏನೂ ಬರಲಿಲ್ಲ, ಜನ ಅದನ್ನೂ ಅನುಕರಣೆ ಎಂದುಕೊಂಡು ಇನ್ನೂ ಜೋರಾಗಿ ತಟ್ಟಿದರು. ಸೆಟ್ ಮಾಡಿ ಮಾಡಿಯೇ ಬದುಕಿದ್ದು. ಅಪ್ಪನ ಮುಂದೆ ಅಪ್ಪನ ಹಾಗೆ, ಸಭೆಯಲ್ಲಿ ಗೋಡೆಯ ಹಾಗೆ.

ಸೆಟ್ ಅಳಿಸಿ ಆಡ್ ಬರೆದ. ಪೆಟ್ಟಿಗೆಗೆ ಕೆಂಪಾಗುವ ಗುಣ ಮರಳಿ ಬಂತು, ಹೊಸ ವೇಷ ಮಾತ್ರ ಬರಲಿಲ್ಲ. ಟೂಲ್‌ಕಿಟ್ಟಿನ ಸಮವಸ್ತ್ರದ ನಿಯಮ ಇವನ ನಿಯಮಕ್ಕಿಂತ ಗಟ್ಟಿ ಗಂಟಲಿನದು, ಇವನು ಹೇಳಿದ್ದು ಪೆಟ್ಟಿಗೆಗೆ ಕೇಳಿಸುತ್ತಲೇ ಇಲ್ಲ. ಹೊರಗೆ ಒಂದು ಗಂಟೆಯ ಬಿಸಿಲು. ಎಕ್ಸ್‌ರೇ ಕೋಣೆಯಿಂದ ಒಂದು ಹೆಬ್ಬಾತು ಇಡೀ ಜಗತ್ತನ್ನು ಬೈಯುತ್ತಿತ್ತು. ಕೂಗಿದರೂ ಕೇಳಿಸದ ಆ ಸಂಕಟ ಅವನಿಗೆ ಹೊಸದಲ್ಲ. ಆರು ವರ್ಷದವನಿದ್ದಾಗ ಬಸ್ ನಿಲ್ದಾಣದಲ್ಲಿ ಅಕ್ಕನ ಕೈ ತಪ್ಪಿ, ಅಕ್ಕಾ ಎಂದು ಕೂಗಿದರೆ ಹನ್ನೊಂದು ಹೆಂಗಸರು ತಿರುಗಿ ನೋಡಿದ್ದರು, ತಿರುಗಬೇಕಾದವಳೊಬ್ಬಳನ್ನು ಬಿಟ್ಟು. ಅವನು ಅಳು ನುಂಗಿ, ಎದೆ ತುಂಬ ಉಸಿರೆಳೆದು, ಹನ್ನೆರಡನೇ ನಂಬರ್ ಮನೆ ಗೊರಕೆ ಅಕ್ಕಾ ಎಂದು ಕೂಗಿದ್ದ. ಇಡೀ ನಿಲ್ದಾಣದಲ್ಲಿ ಒಬ್ಬಳೇ ಒಬ್ಬಳು ತಿರುಗಿದಳು, ಮುಖ ಕೆಂಪಗೆ. ಬಂದು ಕೆನ್ನೆಗೆ ಒಂದು ಬಿಟ್ಟು, ಆಮೇಲೆ ಅಪ್ಪಿಕೊಂಡಳು.

ಮನೆ ನಂಬರು. ಹೆಸರಿನ ಜೊತೆಗೆ ಮನೆ ನಂಬರು. ಬಗ್ಗಿ ಬರೆದ: ಈ ನಮೂನೆಯೊಳಗಿನ, ಈ ಸಾಲಿನೊಳಗಿನ, ತೂಕ ಎಂಬ ಹೆಸರಿನ ಪೆಟ್ಟಿಗೆ. ಅಕ್ಷರ ದಪ್ಪ. ಅಂಕಿ ಎರಡೆಳೆ ಮೇಲಕ್ಕೆ. ಅಡಿಗೆರೆ ಬೇಡ. ಹಿನ್ನೆಲೆ ತೆಳು ಹಳದಿ. ಪರದೆಯನ್ನು ಹೊಸದಾಗಿ ತೆರೆದು ಬೆಕ್ಕಿನ ದಾಖಲೆ ಕರೆದ.

4.5.

ನಡುವೆ ಚುಕ್ಕೆ, ಕಪ್ಪಗೆ, ದುಂಡಗೆ, ಯಾರಪ್ಪನ ಭಯವೂ ಇಲ್ಲದೆ ಕೂತಿತ್ತು. ಉಳಿದ ನಲವತ್ತೂ ತಮ್ಮ ತಮ್ಮ ಜಾಗದಲ್ಲಿ, ಬೂದು ಸಮವಸ್ತ್ರದಲ್ಲಿ, ಏನೂ ನಡೆದೇ ಇಲ್ಲವೆಂಬಂತೆ. ‘ಉಳಿಸು’ ಬಟನ್ನು ಅಲ್ಲೇ. ‘ಬೆಕ್ಕು’ ಎಂದು ಒತ್ತಿದ, ಪೆಟ್ಟಿಗೆ ಸಿಟ್ಟಿನಿಂದ ಕೆಂಪಾಯಿತು. ಇಷ್ಟು ಚೆಂದದ ಸಿಟ್ಟನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ. 0.3 ಒತ್ತಿದ. 18.25 ಒತ್ತಿದ. ಚುಕ್ಕೆ, ಚುಕ್ಕೆ, ಚುಕ್ಕೆ. ಹಗಲು ಹೊತ್ತಿನಲ್ಲಿ ಇಷ್ಟು ಚುಕ್ಕೆ ಕಂಡವನು ತಾನೊಬ್ಬನೇ ಇರಬೇಕೆನ್ನಿಸಿ ಗೂಡಿನೊಳಗೇ ಎದ್ದು ಎರಡು ಸುತ್ತು ಹಾಕಿದ, ಎರಡು ಸುತ್ತಿಗೆ ಮಾತ್ರ ಅಲ್ಲಿ ಜಾಗವಿದ್ದದ್ದು. ಪಕ್ಕದ ಕೋಣೆಯ ಹೆಬ್ಬಾತಿಗೆ ಅದರದೇ ಭಾಷೆಯಲ್ಲಿ ಸುದ್ದಿ ಮುಟ್ಟಿಸಿದ. ಅದು ಬೆರಗಾಗಿ ಬಾಯಿ ಮುಚ್ಚಿತು.

ಗೆಲುವಿನ ಆ ಬಿಸಿಯಲ್ಲೇ ತಣ್ಣಗೆ ಒಂದು ಯೋಚನೆ ಸುಳಿಯಿತು. ಇದನ್ನು ಹೀಗೇ ತೋರಿಸಿದರೆ ಸಾಕು. ಸೂಪರಿಂಟೆಂಡೆಂಟರು ಬೆನ್ನು ತಟ್ಟುತ್ತಾರೆ. ಚುಕ್ಕೆ ಇನ್ನು ಮಾಯವಾಗುವುದಿಲ್ಲ, ಯಾವ ಬೆಕ್ಕಿಗೂ ಅಪಾಯವಿಲ್ಲ. ಮಾಯವಾಗಿತ್ತೆಂಬುದು ಯಾರಿಗೂ ಗೊತ್ತಾಗುವುದಿಲ್ಲ. ತಪ್ಪನ್ನು ತಿದ್ದಿಯಾಯಿತು, ಒಪ್ಪಿಕೊಳ್ಳುವುದು ಬೇರೆ ಯಾಕೆ? ಸ್ಟೋರಿನಲ್ಲಿ ಕಿಟಕಿ ಇದೆ, ಚಿಕ್ಕದಾದರೇನು. ಈ ಯೋಚನೆ ಎಷ್ಟು ನಯವಾಗಿ, ಬೆಣ್ಣೆಯಲ್ಲಿ ಅದ್ದಿಕೊಂಡು ಬಂತೆಂದರೆ, ಅದನ್ನು ಒಳಗೆ ಮಾತಾಡುತ್ತಿದ್ದವರು ಸೂಪರಿಂಟೆಂಡೆಂಟರೇ ಎಂದು ಗುರುತು ಹಿಡಿಯಲು ಅವನಿಗೆ ಒಂದು ನಿಮಿಷ ಬೇಕಾಯಿತು.

ಮೂರು ಗಂಟೆಗೆ ತೂಕದ ಯಂತ್ರದ ಸುತ್ತ ಎಲ್ಲರೂ ನೆರೆದರು. ಸೂಪರಿಂಟೆಂಡೆಂಟರ ಜೇಬಿನಿಂದ ಟೈಪು ಮಾಡಿದ ಒಂದು ಹಾಳೆ ತಲೆ ಹಾಕುತ್ತಿತ್ತು. ಡಾಕ್ಟರಮ್ಮ ಒಳಕೋಣೆಯಲ್ಲಿ ತಮ್ಮ ಪರದೆಯ ಮುಂದೆ, ಬಾಗಿಲು ತೆರೆದಿಟ್ಟುಕೊಂಡು. ಸಾಲಿನಲ್ಲಿ ಮೊದಲು ನಿಂತಿದ್ದ ಮುದುಕ ಎರಡೂ ಕೈಯಲ್ಲಿ ಒಂದು ಆಮೆಯನ್ನು ತಟ್ಟೆಯಂತೆ ಹಿಡಿದಿದ್ದ. ತೂಕದಮ್ಮ ಅದನ್ನು ಇಸಿದುಕೊಂಡು, ಚಿಪ್ಪನ್ನು ಸವರಿ, ಹಲಗೆಯ ಮೇಲೆ ಇಟ್ಟಳು. ಮುಳ್ಳು ನಿಲ್ಲುವವರೆಗೆ ಕಾದಳು. ಕುರ್ಚಿಯಲ್ಲಿ ಕೂತು, ರೂಢಿಯಂತೆ ಬಗ್ಗಲು ಹೊರಟವಳು ನಡುವೆ ನಿಂತಳು. ನಿಧಾನವಾಗಿ ಬೆನ್ನು ನೆಟ್ಟಗಾಯಿತು. ತೋಳಿನಷ್ಟು ದೂರದಿಂದ ಪರದೆಯನ್ನು ನೋಡಿದಳು.

"ಒಂದು," ಅಂದಳು. "ಚುಕ್ಕೆ." ಆಮೇಲೆ ಮತ್ತೊಮ್ಮೆ, ಯಾರಿಗೂ ಅಲ್ಲದೆ, "ಚುಕ್ಕೆ." ಆಮೇಲೆ "ಎರಡು."

ಒಂದು ಪಾಯಿಂಟ್ ಎರಡು ಎಂದು ಡಾಕ್ಟರಮ್ಮ ಒಳಗಿನಿಂದ ಓದಿದರು. ಸೂಪರಿಂಟೆಂಡೆಂಟರು ಬಹಳ ಸಂತೋಷ ಅಂದರು, ಬಣ್ಣವೂ ಕಣ್ಣಿಗೆ ತಂಪಾಗಿದೆ ಅಂದರು, ಸೋಮವಾರ ಬರುವ ಹೊಸಬಳಿಗೆ ತೂಕದಮ್ಮನೇ ಒಂದು ಗಂಟೆ ಕೂತು ಹೇಳಿಕೊಡಲಿ ಅಂದರು. ಜೇಬಿನ ಹಾಳೆಗೆ ಕೈ ಹಾಕಿದರು.

"ಸಾರ್, ಆ ಬೆಕ್ಕಿನ ತಪ್ಪು ನಂದು."

ಯಾರ ದನಿಯಲ್ಲಿ ಬಂತೆಂದು ಕೇಳಿಸಿಕೊಳ್ಳುವ ವ್ಯವಧಾನ ಅವನಿಗಿರಲಿಲ್ಲ, ಮುಂದಿನ ವಾಕ್ಯ ಆಗಲೇ ನೂಕುತ್ತಿತ್ತು. ಸಾಲು ಹಿಸುಕಿದ್ದು ಹೇಳಿದ. ಚುಕ್ಕೆ ಗೆರೆಯ ಮೇಲೆ ಬಿದ್ದದ್ದು ಹೇಳಿದ. ತೂಕದಮ್ಮನ ಕುರ್ಚಿಯ ಹಿಂದಿನಿಂದ ಕೈ ಚಾಚಿ ಬೆಕ್ಕಿನ ದಾಖಲೆಯನ್ನು ತೆರೆದು, ಹಳೆಯ ವೇಷದಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ ತೋರಿಸಿದ: ನಲವತ್ತೈದು, ನಾಲ್ಕೂವರೆ. ಅವರು ಚುಕ್ಕೆ ಒತ್ತಿದ್ದರು ಸಾರ್, ಅವತ್ತಿಂದ ಇಲ್ಲೇ ಇದೆ ಅಂದ. ಡಾಕ್ಟರಮ್ಮ ಬಾಗಿಲಿಗೆ ಬಂದು ನಿಂತಿದ್ದರು. ಕಾಂಪೌಂಡರ್ ನೆಲ ನೋಡುತ್ತಿದ್ದ. ಆಮೆಯ ಮುದುಕನಿಗೆ ಏನೂ ತಿಳಿಯದಿದ್ದರೂ ಯಾರದೋ ಪರವಾಗಿ ತಲೆಯಾಡಿಸುತ್ತಿದ್ದ.

"ಇದು ನಿಮಗೆ ಯಾವಾಗ ಗೊತ್ತಾಯ್ತು?" ಎಂದರು ಸೂಪರಿಂಟೆಂಡೆಂಟರು.

"ಅವತ್ತೇ ಸಂಜೆ."

ಹಾಗೆ ಹೇಳಿದ ಮೇಲೆ ಅವನಿಗೆ ಹೆದರಿಕೆಯಾಗಬೇಕಿತ್ತು. ಬದಲಿಗೆ ಎದೆಯ ಮೇಲಿಂದ ಯಾರೋ ಎದ್ದು ಹೋದಂತೆ, ಉಸಿರು ಪಕ್ಕೆಗಳವರೆಗೆ ಇಳಿಯಿತು. ಸೋಮವಾರದೊಳಗೆ ಬರವಣಿಗೆಯಲ್ಲಿ ವಿವರಣೆ ಕೊಡಬೇಕು ಎಂದರು. ಕೊಡುತ್ತೇನೆ ಅಂದ, ಬಹುಮಾನ ಘೋಷಿಸಿದವರಿಗೆ ಹೇಳುವಂತೆ. ಸೂಪರಿಂಟೆಂಡೆಂಟರು ಅರ್ಧ ಹೊರಬಂದಿದ್ದ ಹಾಳೆಯನ್ನು ನೋಡಿಕೊಂಡು, ಆದರೆ ವರ್ಗಾವಣೆಯ ಆರ್ಡರ್ ಟೈಪ್ ಆಗಿಬಿಟ್ಟಿದೆಯಲ್ಲ ಎಂದು ಗೊಣಗಿದರು.

"ಟೈಪ್ ಆಗಿರೋದು ಬೇರೆ, ಕಾಣ್ಸೋದು ಬೇರೆ ಅಂತ ಈಗ ತಾನೆ ಹೇಳ್ದನಲ್ಲ ಸಾರ್ ಈ ಹುಡುಗ," ಅಂದಳು ತೂಕದಮ್ಮ.

ಡಾಕ್ಟರಮ್ಮ ನಕ್ಕರು. ಅವರು ನಕ್ಕ ಮೇಲೆ ಉಳಿದವರಿಗೂ ಧೈರ್ಯ ಬಂತು. ಸೂಪರಿಂಟೆಂಡೆಂಟರು ಹಾಳೆಯನ್ನು ಎರಡು ಮಾಡಿ, ನಾಲ್ಕು ಮಾಡಿ, ಎಂಟು ಮಾಡಿ, ನನ್ನ ಸಹಿ ಇನ್ನೂ ಬಿದ್ದಿಲ್ಲ ಎಂದು ಯಾರಿಗೋ ಸಮಾಧಾನ ಹೇಳುವಂತೆ ಹೇಳಿ ಜೇಬಿನ ತಳಕ್ಕೆ ತುರುಕಿದರು. ಅವರು ತಮ್ಮ ಕೋಣೆಯ ಕಡೆ ಹೋದ ಮೇಲೆ ತೂಕದಮ್ಮ ಆಮೆಯನ್ನು ಮುದುಕನ ಕೈಗೆ ಒಪ್ಪಿಸಿ, ಇವನ ಕಡೆ ತಿರುಗಿದಳು. ಏನಾದರೂ ಹೇಳಲೆಂದು, ಆ ಚಹಾ ಕೋಣೆಯ ವಿಷಯ ಎಂದು ಇವನು ಬಾಯಿ ತೆರೆದ.

"ಹಲಗೆ ಮೇಲೆ ಹತ್ತು," ಅಂದಳು.

"ಅಮ್ಮಾ, ನಾನು..."

"ಹತ್ತೋ ಅಂದ್ರೆ. ಸಾಲು ಕಾಯ್ತಿದೆ."

ಚಪ್ಪಲಿ ಬಿಟ್ಟು ಕಬ್ಬಿಣದ ಹಲಗೆಯ ಮೇಲೆ ನಿಂತ. ಆಮೆ ಬಿಟ್ಟುಹೋದ ಚೂರು ತಂಪು ಪಾದಕ್ಕೆ ತಾಗಿತು. ಸಾಲಿನಲ್ಲಿದ್ದ ನಾಯಿಗಳೆಲ್ಲ ಅವನನ್ನೇ, ತಮ್ಮಲ್ಲೊಬ್ಬನೆಂಬಂತೆ ನೋಡಿದವು. ತೂಕದಮ್ಮ ಮುಳ್ಳು ನೋಡಿ, ನೆಟ್ಟಗೆ ಕೂತು, ಒಂದೊಂದೇ ಕೀಲಿ ಒತ್ತಿದಳು. ಪ್ರಾಣಿ ಯಾವುದೆಂದು ತುಂಬುವ ಪೆಟ್ಟಿಗೆಗೆ ಬಂದಾಗ ಬೆರಳನ್ನು ಗಾಳಿಯಲ್ಲೇ ನಿಲ್ಲಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಆಮೇಲೆ ಬೇಗ ಬೇಗ ಏನೋ ಬರೆದು ‘ಉಳಿಸು’ ಒತ್ತಿದಳು.

ಒಳಕೋಣೆಯಿಂದ ಡಾಕ್ಟರಮ್ಮನ ದನಿ ಬಂತು. "ಅಮ್ಮಾ, ಅರವತ್ತೊಂದು ಪಾಯಿಂಟ್ ನಾಲ್ಕು ಕಿಲೋ ಗಿಳಿ ಯಾವುದಿದು?"

"ಚುಕ್ಕೆ ಕಾಣ್ತಿದೆಯಾ ಡಾಕ್ಟ್ರೇ?"

"ಚುಕ್ಕೆ ಚೆನ್ನಾಗೇ ಕಾಣ್ತಿದೆ."

"ಅಷ್ಟು ಸಾಕು," ಅಂದಳು ತೂಕದಮ್ಮ. ಕಾಲಿನಿಂದ ಬಟ್ಟೆಚೀಲವನ್ನು ಕುರ್ಚಿಯಡಿಗೆ ತಳ್ಳಿ, ಸಾಲಿನ ಕಡೆ ಕತ್ತೆತ್ತಿದಳು. "ಮುಂದಿನವರು ಬನ್ನಿ."